ಶಿಷ್ಯನ ಕೈಕೆಳಗಿನ ಮೇಷ್ಟ್ರು

ವಿನಯದ ಮಾತು ಕೇಳುವುದು ಬಹಳ ಸುಲಭ. ನೋಡಿ, ಈಗಷ್ಟೇ ನಾನು ವಿನಯ ಬೇಕು ಅಂದೆ, ನೀವೆಲ್ಲ ಪಕ್ಕದ ಮನೆಯವರನ್ನು ನೆನೆದುಕೊಂಡು ತಲೆಯಾಡಿಸಿದಿರಿ. ಅದಕ್ಕೇ ಒಂದು ದೃಷ್ಟಾಂತ ಹೇಳುತ್ತೇನೆ.

ಒಂದೂರು. ಅಲ್ಲೊಬ್ಬರು ಮೇಷ್ಟ್ರು. ಶ್ರೀಮಂತರಲ್ಲ. ಶ್ರೀಮಂತನ ಕಥೆ ಹೋದ ತಿಂಗಳು ಹೇಳಿದ್ದೆ, ಅದು ತನ್ನ ಕಥೆ ಅಂತ ಯಾರೂ ಅಂದುಕೊಳ್ಳಲಿಲ್ಲ. ಈ ಮೇಷ್ಟ್ರು ಖಾಸಗಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದರು. ಊರಿನ ಅರ್ಧ ಡಾಕ್ಟರುಗಳು ಅವರ ಶಿಷ್ಯರೇ. ವಿದ್ಯಾರ್ಥಿಗಳು ಬರದೆ ಕಾಲೇಜು ಮುಚ್ಚಿತು. ಮೇಷ್ಟ್ರಿಗೆ ಆಗ ನಲವತ್ಮೂರು. ಮಗಳು ಇನ್ನೂ ಹೈಸ್ಕೂಲು.

ಮೇಷ್ಟ್ರು ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸಿಗೆ ಸೇರಿದರು. ಹಾಗಂದರೆ ಡಾಕ್ಟರಲ್ಲ, ನರ್ಸೂ ಅಲ್ಲ. ಡಾಕ್ಟರು ಬರುವ ಮೊದಲು ರೋಗಿಯನ್ನು ವಿಚಾರಿಸಿ, ಪರೀಕ್ಷೆ ಮಾಡಿ, ಬರೆದಿಟ್ಟು, ಆಮೇಲೆ ಡಾಕ್ಟರು ಹೇಳಿದಂತೆ ಮಾಡುವವರು.

"ಕಪ್ಪೆ ಕೊಯ್ದದ್ದು ಸಾಲದೇನ್ರೀ? ಇನ್ನು ಮನುಷ್ಯರಾ?" ಅಂದಳು ಹೆಂಡತಿ.

ಜೊತೆಯಲ್ಲಿ ಓದುವವರು ಅಂಕಲ್ ಅಂದರು. ಮೇಷ್ಟ್ರು ಓದಿದರು, ಪಾಸಾದರು. ಇಲ್ಲಿಯವರೆಗೆ ಎಲ್ಲ ಸರಿ. ಕೆಲಸ?

ಮೊದಲ ಆಸ್ಪತ್ರೆಗೆ ಹೋದರು. ಶಿಷ್ಯ ಡಾಕ್ಟರು ಕುರ್ಚಿಯಿಂದ ಎದ್ದು ಕಾಲಿಗೆ ಬಿದ್ದ. ಕಾಫಿ ತರಿಸಿದ. "ಸರ್, ಆ ಬೆಡ್ಡಿನ ಬಿಪಿ ನೋಡಿ ಅಂತ ನಿಮಗೆ ನಾನು ಹೇಳೋದಾ? ಪಾಪ ಬರುತ್ತೆ" ಅಂದ. ಕೆಲಸ ಕೊಡಲಿಲ್ಲ. ಎರಡನೆಯ ಶಿಷ್ಯನೂ ಕಾಲಿಗೆ ಬಿದ್ದ, ಕಾಫಿ ಕೊಟ್ಟ, ಅಷ್ಟೇ. ಮೂರನೆಯ ಶಿಷ್ಯನಿಗೆ ಮಾತ್ರ ಬೇರೆ ಜನ ಸಿಕ್ಕಿರಲಿಲ್ಲ. ಸೇರಿಸಿಕೊಂಡ.

ಈಗ ನೋಡಿ ವಿಚಿತ್ರ. ರೌಂಡ್ಸಿನಲ್ಲಿ ಡಾಕ್ಟರು ಮುಂದೆ, ಸಹಾಯಕ ಹಿಂದೆ. ಅಲ್ಲವೇ? ಇಲ್ಲಿ ಮೇಷ್ಟ್ರು ಮುಂದೆ, ಡಾಕ್ಟರು ಹಿಂದೆ. ರೋಗಿಗಳು ನರೆಗೂದಲು ನೋಡಿ ಮೇಷ್ಟ್ರಿಗೆ ಕೈಮುಗಿದು, ಡಾಕ್ಟರ ಕೈಗೆ ಬಾಟಲಿ ಕೊಟ್ಟು "ಸ್ವಲ್ಪ ನೀರು ತಗೊಂಬಾಪ್ಪ" ಅನ್ನುತ್ತಿದ್ದರು. ಆತ ತರುತ್ತಿದ್ದ.

ಮೇಷ್ಟ್ರಿಗೆ ಒಂದು ಅಭ್ಯಾಸ. ರೋಗಿ ಬಂದ ಕೂಡಲೇ ರೋಗದ ಬಗ್ಗೆ ಪಾಠ ಮಾಡುವುದು. ಪಾಠ ಚೆನ್ನಾಗಿರುತ್ತಿತ್ತು. ಆದರೆ ಪಾಠದ ಭರದಲ್ಲಿ, ಈಗಾಗಲೇ ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತ ಕೇಳುವುದು ಬಿಟ್ಟುಹೋಗುತ್ತಿತ್ತು. ಡಾಕ್ಟರು ಗಮನಿಸಿದ. ಒಮ್ಮೆ ಧೈರ್ಯ ಮಾಡಿದ.

"ಸರ್, ಮಾತ್ರೆ ವಿಷಯ..."

"ನನಗೆ ಗೊತ್ತು. ಕೂತ್ಕೋ."

ಡಾಕ್ಟರು ಕೂತ. ಅವನದೇ ಆಸ್ಪತ್ರೆ, ಕೂತ!

ಒಂದು ದಿನ ಒಬ್ಬ ಮುದುಕಿ ಬೆನ್ನಿನ ಗಡ್ಡೆ ತೆಗೆಸಲು ಬಂದಳು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಳು. ಮೇಷ್ಟ್ರು ಕೇಳಲಿಲ್ಲ. ಮೇಷ್ಟ್ರು ಕೇಳಿರುತ್ತಾರೆ ಅಂತ ಡಾಕ್ಟರೂ ಕೇಳಲಿಲ್ಲ. ಮತ್ತೊಮ್ಮೆ ಕೇಳಿದರೆ ಗುರುವಿಗೆ ಅವಮಾನ ನೋಡಿ! ಗಡ್ಡೆ ಕೊಯ್ದರು. ರಕ್ತ ನಿಲ್ಲಲಿಲ್ಲ. ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಸಾಗಿಸಿ, ಬಾಟಲಿಗಟ್ಟಲೆ ರಕ್ತ ಏರಿಸಿದರು. ಮುದುಕಿ ಬದುಕಿದಳು. ಅದು ಯಾರ ಪುಣ್ಯ ಅಂತ ಕೇಳಬೇಡಿ. ಈ ಇಬ್ಬರದಂತೂ ಅಲ್ಲ.

ಮರುವಾರ ಆಸ್ಪತ್ರೆಯಲ್ಲಿ ಸಮಾರಂಭ. ಮೇಷ್ಟ್ರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. "ಗುರುಗಳು ಇನ್ನು ವಿಶ್ರಾಂತಿ ತೆಗೆದುಕೊಳ್ಳಲಿ" ಅಂತ ಭಾಷಣ. ನಮ್ಮಲ್ಲಿ ಒಬ್ಬರನ್ನು ಕೆಲಸದಿಂದ ತೆಗೆಯುವುದು ಹೀಗೆ.

ಮೇಷ್ಟ್ರು ಹಾರ ತೆಗೆದಿಟ್ಟು ಕೇಳಿದರು: "ನನ್ನ ತಪ್ಪೇನು?"

"ನಿಮ್ದೇನಿದೆ ಸರ್ ತಪ್ಪು? ನೀವು ನಮ್ಮ ತಂದೆ ಸಮಾನ."

"ತಂದೆ ಕಥೆ ಬಿಡೋ. ಮನೆಯಲ್ಲಿ ಮಗಳಿದ್ದಾಳೆ, ನಾನಿನ್ನೊಂದು ಕಡೆ ಕೆಲಸಕ್ಕೆ ಹೋಗಬೇಕು. ಹೇಳು."

ಆಗ ಡಾಕ್ಟರು ಹೇಳಿದ: "ಮಾತ್ರೆ ಕೇಳೋದು ನೀವು ಮೊದಲ ವಾರದಿಂದಲೂ ಬಿಡ್ತಿದ್ರಿ ಸರ್."

"ಮೊದಲ ವಾರದಿಂದ! ಯಾಕೋ ಹೇಳಲಿಲ್ಲ?"

"ಹೇಳಿದೆ ಸರ್. ನೀವು ಕೂತ್ಕೋ ಅಂದ್ರಿ."

ಮೇಷ್ಟ್ರು ಹಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದರು.

ಅವರಿಗೆ ಮತ್ತೆ ಕೆಲಸ ಸಿಕ್ಕಿತೇ? ಬೇಗ ಸಿಗಲಿಲ್ಲ. ಕೊನೆಗೆ ಬೇರೆ ತಾಲೂಕಿನಲ್ಲಿ, ಅವರ ಪರಿಚಯವೇ ಇಲ್ಲದ ಒಬ್ಬ ಹುಡುಗಿ ಡಾಕ್ಟರ ಹತ್ತಿರ ಹೋದರು.

"ತಪ್ಪು ಮಾಡಿದ್ರೆ ಎಲ್ಲರ ಮುಂದೆಯೇ ಹೇಳ್ತೀನಿ. ಆಗುತ್ತಾ?" ಅಂದಳು.

"ಕೋಪ ಬರುತ್ತೆ" ಅಂದರು ಮೇಷ್ಟ್ರು. "ಆದ್ರೂ ಹೇಳಿ."

"ಸೋಮವಾರದಿಂದ ಬನ್ನಿ."

ಮೊದಲ ದಿನವೇ ಬೈಸಿಕೊಂಡರು. ಊಟ ಸೇರಲಿಲ್ಲ. ಮರುದಿನವೂ ಹೋದರು. ಈಗಲೂ ಹೋಗುತ್ತಿದ್ದಾರೆ.

ಇನ್ನು ನಿಮ್ಮ ವಿಷಯ. ನಲವತ್ತೈದು ದಾಟಿ ಹೊಸ ಕೆಲಸಕ್ಕೆ ಹೊರಟವರು ಇಲ್ಲಿ ಕೂತಿದ್ದೀರಿ. ವಯಸ್ಸಾಯಿತು, ಯಾರೂ ಕೆಲಸ ಕೊಡುವುದಿಲ್ಲ ಅನ್ನುತ್ತೀರಿ. ಅರ್ಧ ನಿಜ. ಉಳಿದರ್ಧ ಏನು ಗೊತ್ತೇ? ನಿಮಗೆ ಹೇಳಿಕೊಡುವುದಕ್ಕೆ ಜನ ಹೆದರುತ್ತಾರೆ. ಹೇಳಿಕೊಡಲಾಗದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಚಿಕ್ಕವರು ತಪ್ಪು ಅಂದಾಗ ನಿಮ್ಮ ಬಾಯಿಂದ ಮೊದಲು 'ಎಲ್ಲಿ?' ಅಂತ ಬರಬೇಕು. ಕೋಪ ಬರಲಿ, ಅದು ಆಮೇಲೆ ಬರಲಿ.

ಹಿಂದೆ ನಿಂತಿರುವ ಹುಡುಗರೇ, ನಗಬೇಡಿ. ಮಾವ ಸಕ್ಕರೆ ಕಾಯಿಲೆ ಮಾತ್ರೆಯನ್ನು ಎರಡು ಸಲ ನುಂಗುವುದನ್ನು ನೋಡಿಯೂ ಸುಮ್ಮನಿರುವ ಸೊಸೆ ಗೌರವ ಕೊಡುತ್ತಿಲ್ಲ. ಜಗಳ ತಪ್ಪಿಸಿಕೊಳ್ಳುತ್ತಿದ್ದಾಳೆ, ಅಷ್ಟೇ. ಹೇಳಿ. ಬೈಸಿಕೊಳ್ಳಿ. ಮತ್ತೆ ಹೇಳಿ.

ಹಿರಿಯರೇ, ಇವತ್ತು ಮನೆಗೆ ಹೋದ ಮೇಲೆ ನಿಮಗಿಂತ ಚಿಕ್ಕವರೊಬ್ಬರನ್ನು ಕೂರಿಸಿಕೊಂಡು, 'ನಾನು ಏನು ತಪ್ಪು ಮಾಡ್ತಿದ್ದೀನಿ?' ಅಂತ ಕೇಳಿ. ಅವರು 'ಏನೂ ಇಲ್ಲ' ಅಂದರೆ ಸಂತೋಷಪಡಬೇಡಿ. ಹೆದರಿ.