ಓಟವಿಲ್ಲದ ತಿಂಗಳು

ಮೂಳೆ ವೈದ್ಯರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಓಟದ ಕೋಚ್ ಒಬ್ಬರು ಕೂತಿದ್ದರು. ಜೊತೆಗಿದ್ದವಳು ಅವರ ಮಗಳು, ಶಿಷ್ಯೆಯೂ ಹೌದು. ಅವಳ ಪಾದಕ್ಕೆ ಪಟ್ಟಿ ಸುತ್ತಿತ್ತು.

"ದೊಡ್ಡ ರೇಸ್ ಆದ್ಮೇಲೆ ಒಂದು ತಿಂಗಳು ರೆಸ್ಟ್ ಅಂತ ಮೊದಲೇ ಮಾತಾಡಿದ್ವಲ್ಲ ಮಗಳೇ. ನಂಗೆ ಹೇಳ್ದೆ ಕದ್ದುಮುಚ್ಚಿ ಓಡಿ ಮೂಳೆ ಬಿರುಕು ಬಿಡಿಸ್ಕೊಂಡೆ."

"ಮನೇಲಿ ಕೂರೋಕಾಗಲ್ಲ ಅಪ್ಪ. ಅಕ್ಕ ತೀರ್ಕೊಂಡ್ಮೇಲೆ ಅವಳ ಮಂಚ ನೋಡಿದ್ರೆ ಕರುಳು ಕಿತ್ತು ಬರತ್ತೆ."

"ನನಗೂ ಅಷ್ಟೇ. ಅದಕ್ಕೇ ಕತ್ತಲಾಗೋವರೆಗೂ ಮೈದಾನದಲ್ಲೇ ಇರ್ತೀನಿ."

"ಮತ್ತೆ ನನ್ನನ್ಯಾಕೆ ಬೈತೀಯ?"

"ಬೈತಿಲ್ಲ ಕಣೇ. ನಾವಿಬ್ರೂ ಹೊರಗೆ ಬಂದ್ಬಿಟ್ರೆ ಆ ಮಂಚದ ಎದುರು ಅಮ್ಮ ಒಬ್ಳೇ ಕೂತಿರ್ತಾಳೆ."

ಮಗಳು ಪಾದದ ಪಟ್ಟಿ ಸರಿಮಾಡಿಕೊಂಡಳು.

"ಮುಂದಿನ ರೇಸ್?"

"ಬಿಡು. ಈ ತಿಂಗಳು ಇಬ್ರೂ ಮನೇಲಿರೋಣ."

"ಅಮ್ಮ ಅತ್ರೆ?"

"ಜೊತೇಲಿ ಅಳೋಣ."

ಒಳಗಿನಿಂದ ಕರೆದರು. ಅಪ್ಪನ ಭುಜ ಹಿಡಿದು ಅವಳು ಕುಂಟುತ್ತ ಹೋದಳು.