ಗೇತಾ ದೊರೆಯ ಮುಖ

ರೋಮಿನಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಚಿತ್ರಕಾರರ ಎದುರು ವೇಷ ಹಾಕಿ ಕೂತು ಹೊಟ್ಟೆ ಹೊರೆಯುವ ನಾವೆಲ್ಲ ಎರ್ಸಿಲಿಯಾ ಅಜ್ಜಿಯ ಒಲೆಯ ಸುತ್ತ ಸೇರಿ ಚೆಸ್ಟ್‌ನಟ್ ಸುಡುತ್ತಿದ್ದೆವು. ಅಜ್ಜಿಯ ಮೊಮ್ಮಗ ಚೆಸಿದಿಯೊ ಆಗಷ್ಟೇ ಬಂದವನು, ಬಾಗಿಲ ಕತ್ತಲಲ್ಲೇ ನಿಂತು ಬೂಟಿನ ಕೆಸರು ಒರೆಸುತ್ತ, ತನಗೆ ಹಳೇ ಚಕ್ರವರ್ತಿ ಗೇತಾನ ವೇಷ ಸಿಕ್ಕಿದೆ ಎಂದ. ಅಜ್ಜಿಯ ಕೈಯ ಇಕ್ಕಳ ಅಲ್ಲೇ ನಿಂತಿತು.

“ಯಾರ ವೇಷ ಅಂದೆ? ನಿನ್ನ ಬಾಯಿಗೆ ಮಣ್ಣು ಹಾಕ! ನೀರೋ ಆಗು, ಬೇಡ ಅಂದೋರ್ಯಾರು? ಆ ಗೇತಾ ಮಾತ್ರ ಬೇಡ ಕಣೋ... ಒಡಹುಟ್ಟಿದ ಅಣ್ಣನೇ ಅವನನ್ನ ತಾಯಿ ಮಡಿಲಲ್ಲಿ ಕೊಲ್ಲಿಸ್ದ. ಅದೂ ಸಾಲ್ದು ಅಂತ, ಗೋಡೆ ಮೇಲೆ, ಹಲಗೆ ಮೇಲೆ, ಎಲ್ಲೆಲ್ಲಿ ಅವನ ಮುಖ ಇತ್ತೋ ಅಲ್ಲೆಲ್ಲ ಕೆರೆಸಿ ಹಾಕ್ದ. ಅಳೋಕೂ ತಾಯಿಗೆ ಬಿಡ್ಲಿಲ್ಲ. ಮುಖಾನೇ ಇಲ್ಲದೋನು ಇನ್ನೇನು ಮಾಡ್ತಾನೆ, ಹೇಳಿ? ಯಾರಾದ್ರೂ ಕೊಡ್ತಾರಾ ಅಂತ ಕಾಯ್ತಾನೆ...

ನನ್ನ ತಮ್ಮ ಲೊರೆತೊ ಆ ವೇಷಕ್ಕೆ ಕೂತು ತನ್ನ ಮುಖ ಕೊಟ್ಟ. ತಾಯಿ ವೇಷ ನಂದೇ. ಅವನ ತಲೆ ನನ್ನ ತೊಡೆ ಮೇಲೆ. ಚಿತ್ರಕಾರ ಬಟ್ಟೆ, ರಕ್ತ, ಕೈಕಾಲು ಎಲ್ಲ ಬರೆದು ಮುಖಾನ ಕಡೆಗೆ ಉಳಿಸ್ಕೊಂಡಿದ್ದ. ಬರೆದ ಮುಖ ಬೆಳಗಾದ್ರೆ ಇರ್ತಿರ್ಲಿಲ್ಲ, ಉಗುರಲ್ಲಿ ಕೆರೆದ ಹಾಗೆ! ಅವನೂ ಹಟಮಾರಿ, ಮತ್ತೆ ಮತ್ತೆ ಬರೆದ. ಕಡೆಗೊಂದು ದಿನ ಉಳೀತು. ಖುಷಿಯಾಗಿ ಮನೆಗೆ ಬಂದ್ರೆ, ನಮ್ಮಮ್ಮ ಬಾಗಿಲಲ್ಲಿ ನಿಂತು, ‘ಯಾರೇ ಈ ಹುಡುಗ, ಮಳೇಲಿ ನೆನೀತಿದಾನೆ?’ ಅಂದ್ಲು. ಹೆತ್ತ ತಾಯಿ ಕಣ್ರೋ! ‘ಅಮ್ಮಾ, ನಾನು’ ಅಂತ ಅವನು ಅತ್ತ, ಕೈ ಹಿಡ್ಕೊಂಡ. ಅವಳು ಹೆದರಿ ಕದ ಹಾಕ್ಕೊಂಡ್ಲು. ಎಲ್ಲಿಗೆ ಹೋದ್ನೋ... ಅವನ ಮುಖ ನನಗೂ ನೆನಪಿಗೆ ಬರಲ್ಲ. ಹೆಸರು ಬರುತ್ತೆ, ಮುಖ ಮಾತ್ರ ಬರಲ್ಲ. ಮಗನೇ, ನಿನ್ನ ಕಾಲು ಹಿಡೀತೀನಿ, ನಾಳೆ ಹೋಗಿ ಆಗಲ್ಲ ಅಂದ್ಬಿಡು.”

“ಕತೆ ಕಟ್ಟೋದ್ರಲ್ಲಿ ನಿನ್ನ ಬಿಟ್ರೆ ಇಲ್ಲ ಬಿಡಜ್ಜಿ,” ಎಂದು ಚೆಸಿದಿಯೊ ಕತ್ತಲಿಂದಲೇ ನಕ್ಕ. “ಇವತ್ತೇ ಕೂತು ಬಂದೆ. ಮುಖಾನೇ ಮೊದಲು ಬರೀತೀನಿ ಅಂದ ಆ ಮಹಾರಾಯ. ಮುಗಿದೂ ಹೋಯ್ತು. ಯಾರೂ ಕೆರೀಲಿಲ್ಲ.”

ಅವನು ಬೆಳಕಿಗೆ ಬಂದು ಅಜ್ಜಿಯ ಪಕ್ಕದಲ್ಲೇ ಕೂತು, ಬಿಸಿ ಚೆಸ್ಟ್‌ನಟ್‌ಗೆ ಕೈ ಹಾಕಿದ. ಅಜ್ಜಿ ಬಾಗಿಲ ಕತ್ತಲನ್ನೇ ನೋಡುತ್ತಿದ್ದಳು.

“ಅಲ್ಲೇ ಯಾಕೋ ನಿಂತೆ ಚೆಸಿದಿಯೊ? ಬಾರೋ ಒಳಗೆ,” ಎಂದು ಕೂಗಿ, ಪಕ್ಕಕ್ಕೆ ತಿರುಗಿ ಮೆತ್ತಗೆ ಹೇಳಿದಳು: “ನೀವು ಒಂಚೂರು ಆ ಕಡೆ ಸರಿದು ಕೂತ್ಕೊಳ್ಳಿಪ್ಪ. ನನ್ನ ಮೊಮ್ಮಗ ಬರ್ತಾನೆ.”