ಅವಳು ನಿಲ್ಲಿಸಿದ ಜಾಗ

ಮಳೆ ಜಡಿ ಹಿಡಿದಿತ್ತು, ಕರೆಂಟೂ ಹೋಗಿತ್ತು. ರಿಪೇರಿ ಅಂಗಡಿಯ ಬೆಂಚಿನ ಮೇಲೆ ನಾವು ನಾಲ್ಕೈದು ಜನ ಒತ್ತಿಕೊಂಡು ಕೂತಿದ್ದೆವು. ಮೂಲೆಯಲ್ಲಿ ಟವೆಲ್ ಹೊದಿಸಿಟ್ಟಿದ್ದ ಹಳೆಯ ಕಂಪ್ಯೂಟರ್ ನೋಡಿ ಯಾರೋ, "ಇದು ಮಾರಾಟಕ್ಕಿದೆಯಾ ಅಜ್ಜ?" ಎಂದರು. ಅಂಗಡಿಯ ಅಜ್ಜ ಮೇಣದಬತ್ತಿಯನ್ನು ಮೇಜಿಗೆ ಅಂಟಿಸಿ ಗಂಟಲು ಸರಿಮಾಡಿಕೊಂಡರು.

"ಕೇಳಿದ್ದು ಕೇಳಿಬಿಟ್ರಿ, ಇನ್ನು ಮುಗಿಯೋತನಕ ಏಳೋ ಹಾಗಿಲ್ಲ... ಏಳ್ತೀನಿ ಅಂದ್ರೂ ಈ ಮಳೆ ಬಿಡಬೇಕಲ್ಲ! ಇದು ಒಬ್ಬ ಬಸ್ ಡ್ರೈವರಂದು. ಅವನಿಗೆ ಹಗಲು ಡ್ಯೂಟಿ, ಹೆಂಡತಿ ನರ್ಸು, ಅವಳಿಗೆ ರಾತ್ರಿ ಡ್ಯೂಟಿ. ಇವನು ಮನೆಗೆ ಬರೋ ಹೊತ್ತಿಗೆ ಅವಳು ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿರೋಳು. ಸಂಸಾರ ಅಂದ್ರೆ ಅಷ್ಟೇ, ಬಾಗಿಲಲ್ಲಿ ಎರಡು ಮಾತು. ಜೊತೇಲಿ ಕೂತು ಒಂದು ಸಿನಿಮಾ ನೋಡೋಕಾಗಲ್ವಲ್ಲ ಅಂತ ಅವಳಿಗೆ ಕೊರಗು. ಚುರುಕು ಹೆಂಗಸು ನೋಡಿ, ಟೀವಿಗೆ ಜೋಡಿಸಿದ್ದ ಈ ಕಂಪ್ಯೂಟರಿಗೆ ಒಂದು ಏರ್ಪಾಡು ಮಾಡಿದ್ಲು. ಆನ್ ಮಾಡಿದ್ರೆ ಸಾಕು, ತಾನಾಗೇ ಸೌಂಡ್ ಇಳಿಸ್ಕೊಂಡು, ತಾನಾಗೇ ಸಿನಿಮಾ ತೆಗೆದು, ಅವಳು ಗುರುತು ಹಾಕಿದ ಜಾಗದಿಂದ ಶುರು ಮಾಡ್ಬೇಕು. ಸಂಜೆ ಇವನು ಒಂದಷ್ಟು ನೋಡಿ, ಇಲ್ಲಿಗೆ ನಿಲ್ಲಿಸಿದೆ ಅಂತ ಅವಳಿಗೆ ಫೋನ್ ಮಾಡೋದು. ಬೆಳಿಗ್ಗೆ ಅವಳು ಬಂದು ಅಷ್ಟನ್ನೇ ನೋಡಿ, ಅಲ್ಲೊಂದು ಗುರುತು ಹಾಕಿ ಮಲಗೋದು. ಒಬ್ಬರನ್ನ ಬಿಟ್ಟು ಒಬ್ಬರು ಮುಂದೆ ಹೋಗೋ ಹಾಗಿಲ್ಲ!

ಹೀಗೇ ಒಂದು ಸಿನಿಮಾ ಅರ್ಧ ಆಗಿತ್ತು... ಅವಳು ಹೋಗಿಬಿಟ್ಲು. ಡ್ಯೂಟಿಗೆ ಹೋದವಳು ವಾಪಸ್ ಬರಲಿಲ್ಲ, ಎದೆನೋವು ಅಂದ್ರು.

ಆಮೇಲೆ ಪ್ರತಿ ಸಂಜೆ ಅದೇ ಜಾಗದಿಂದ ಶುರು. ರೈಲ್ವೆ ಸ್ಟೇಷನ್ನು, ಒಬ್ಬಳು ಪೆಟ್ಟಿಗೆ ಹಿಡ್ಕೊಂಡು ಇಳೀತಾಳೆ. ಪಾಪ, ದಿನಾ ಅದನ್ನೇ ನೋಡೋನು. ಅಂಗಡಿಗೆ ಬಂದಾಗ, 'ಎರಡು ನಿಮಿಷದ ಕೆಲಸ, ಆ ಗುರುತು ತೆಗೆದುಕೊಡ್ಲೇನಪ್ಪಾ' ಅಂದೆ. 'ಬೇಡಜ್ಜ, ಅವಳಿನ್ನೂ ನೋಡಿಲ್ಲ' ಅಂದ. ಏನು ಹೇಳೋಣ ಇಂಥವನಿಗೆ?

ಒಂದು ಸಂಜೆ ಓಡಿ ಬಂದ, ಮುಖ ಬಿಳಿಚಿಕೊಂಡಿತ್ತು. ಸ್ಟೇಷನ್ ಬರಲಿಲ್ಲವಂತೆ, ಹಿಂದಿನ ಸಂಜೆ ತಾನು ನಿಲ್ಲಿಸಿದ ಕಡೆಯಿಂದಲೇ ಶುರುವಾಯ್ತಂತೆ! ಮನೆ ಬೀಗದ ಕೈ ಇವನ ಹತ್ರ ಬಿಟ್ರೆ ಯಾರ ಹತ್ರಾನೂ ಇಲ್ಲ. ಬಿಚ್ಚಿ ನೋಡಿದೆ, ಏನೂ ಕೆಟ್ಟಿರಲಿಲ್ಲ. ಅವನು ಅಳ್ತಾ ಅಳ್ತಾ ನಗ್ತಿದ್ದ. 'ನೋಡಿದ್ದಾಳಜ್ಜ, ಬಂದು ನೋಡಿದ್ದಾಳೆ.'

ಅವತ್ತಿಂದ ಸಿನಿಮಾ ಮುಂದೆ ಹೋಗೋಕೆ ಶುರುವಾಯ್ತು. ಇವನಿಗೆ ಭಯನೂ ಶುರುವಾಯ್ತು. ಸಿನಿಮಾ ಮುಗಿದ್ರೆ ಅವಳು ಯಾಕೆ ಬರ್ತಾಳೆ, ಹೇಳಿ? ಅದಕ್ಕೇ ಒಂದು ಹಾಡು, ಎರಡು ಮಾತು, ಅಷ್ಟು ನೋಡಿ ಆಫ್ ಮಾಡೋನು. ಎಳೆದ, ಎಳೆದ... ಕೊನೆಗೊಂದು ದಿನ ಬಂದು ಇದೇ ಬೆಂಚಿನ ಮೇಲೆ ಕೂತು, 'ಎಷ್ಟು ದಿನ ಅಂತ ಅವಳನ್ನ ಕಾಯಿಸಲಿ ಅಜ್ಜ?' ಅಂದ. ಅವತ್ತು ಪೂರ್ತಿ ನೋಡಿದ್ದಾನೆ. ಮಾರನೇ ದಿನ ಡಿಪೋದವರು ಬಾಗಿಲು ಒಡೆದು ನೋಡಿದ್ರೆ, ಕುರ್ಚಿಯಲ್ಲೇ ಪ್ರಾಣ ಹೋಗಿತ್ತು. ಕಾಲಲ್ಲಿ ಚಪ್ಪಲಿ... ಹೊರಟವನ ಹಾಗೆ."

ಮೇಣದಬತ್ತಿ ಸೋರಿತು. ಅಜ್ಜ ಅದನ್ನು ಸರಿಮಾಡಲಿಲ್ಲ.

"ಅವನ ತಂಗಿ ಇದನ್ನ ನನಗೆ ಕೊಟ್ಟು ಹೋದ್ಲು. ಮಾರೋ ಮೊದಲು ಒಮ್ಮೆ ಆನ್ ಮಾಡಿದೆ. ಸೌಂಡ್ ಇಳೀತು, ಸಿನಿಮಾ ಮೊದಲಿಂದ ಶುರುವಾಯ್ತು. ನನಗೂ ಮನೇಲಿ ಕಾಯೋರು ಯಾರಿದ್ದಾರೆ? ಒಂದಷ್ಟು ನೋಡಿ, ಆಫ್ ಮಾಡಿ ಹೋದೆ. ಗುರುತು ಗಿರುತು ಏನೂ ಹಾಕಲಿಲ್ಲ. ಮಾರನೇ ಸಂಜೆ ನೋಡ್ತೀನಿ... ನಾನು ನಿಲ್ಲಿಸಿದ ಕಡೆಯಿಂದಲೇ ಶುರು."

ನಾವೆಲ್ಲ ಮೂಲೆಯ ಟವೆಲ್ ಕಡೆ ತಿರುಗಿದೆವು.

"ಮಾರಲ್ಲಪ್ಪ. ಕೊನೆ ಹತ್ರ ಬಂದಿದೆ. ನಾನೂ ಈಗ ಒಂದು ಹಾಡು, ಎರಡು ಮಾತು, ಅಷ್ಟೇ ನೋಡೋದು..." ಅಜ್ಜ ಮೇಜಿನ ಕೆಳಗೆ ಕಾಲಿನಿಂದಲೇ ಚಪ್ಪಲಿ ಹುಡುಕಿದರು. "ಆದ್ರೆ ಎಷ್ಟು ದಿನ ಅಂತ ಅವರಿಬ್ಬರನ್ನ ಕಾಯಿಸಲಿ, ನೀವೇ ಹೇಳಿ?"